ಸಿಬ್ಬಂದಿ ಏಳು, ಪ್ರೇತ ಮೂರು: ಆಫೀಸಿನ ಭಯ-ಹಾಸ್ಯ ಸರಣಿಗೆ ಗ್ರಾಫಿಕ್ಸ್ ಇಲ್ಲದೆ ಏನೆಲ್ಲ ಮಾಡಬಹುದು?

ಸ್ಟೇಟ್‌ಬ್ಯಾಂಕ್_ಕೊನೆಬಸ್ಸು

ಯೋಜನೆ ಹೀಗುಂಟು. ಮಂಗಳೂರು ಹಂಪನಕಟ್ಟೆಯ ಹಳೆ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಒಂದು ಕಾಲ್ಪನಿಕ ಕ್ರೆಡಿಟ್ ಸೊಸೈಟಿ. ಸಿಬ್ಬಂದಿ ಏಳು ಜನ, ಪ್ರೇತ ಮೂರು. ಮೊದಲನೆಯದು 1946ರಲ್ಲಿ ತೀರಿಹೋದ ಪಿಗ್ಮಿ ಕಲೆಕ್ಟರ್, ಅಂದರೆ ದಿನದಿನದ ಸಣ್ಣ ಉಳಿತಾಯದ ದುಡ್ಡು ಒಟ್ಟುಮಾಡುವವ. ಎರಡನೆಯದು 1974ರ ಟೈಪಿಸ್ಟಮ್ಮ. ಮೂರನೆಯವರು 1998ರ ಗುಮಾಸ್ತರು, ಮಧ್ಯಾಹ್ನ ಮೇಜಿಗೆ ತಲೆ ಕೊಟ್ಟವರು ಏಳಲೇ ಇಲ್ಲ. ಆರು ಕಂತು, ಕಂತಿಗೆ 22 ನಿಮಿಷ. ಕ್ಯಾಮೆರಾ ಒಂದೇ. ಗ್ರಾಫಿಕ್ಸಿಗೆ ದುಡ್ಡಿಲ್ಲ. ಆಫೀಸು ಸಿಗುವುದು ಸಂಜೆ ಏಳರಿಂದ ಬೆಳಗ್ಗೆ ಐದರ ತನಕ. ಗಾಜಿನ ಕ್ಯಾಬಿನ್ ಎರಡುಂಟು, ಟ್ಯೂಬ್‌ಲೈಟ್ ಹನ್ನೆರಡು, ಗಾಲಿ ಕುರ್ಚಿ ಬೇಕಾದಷ್ಟು. ಹೆದರಿಸಬೇಕು, ನಗಿಸಲೂ ಬೇಕು. ಪ್ರೇತವನ್ನು ತೋರಿಸುವ ಉಪಾಯ, ಬೆಳಕು, ಶಬ್ದ, ಕತೆಯ ಕಟ್ಟು, ಯಾವುದು ಗೊತ್ತಿದ್ದರೂ ಹೇಳಿ.

ಗಾಜುಕಣ್ಣು

ಗಾಜಿನ ಕ್ಯಾಬಿನ್ ಉಂಟು ಅಂದ ಮೇಲೆ ಗ್ರಾಫಿಕ್ಸ್ ಯಾಕೆ ಮಾರಾಯ್ರೆ? 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ರಂಗದ ಮೇಲೆ ದೆವ್ವ ತೋರಿಸಿದ್ದು ಒಂದು ದೊಡ್ಡ ಗಾಜಿನಿಂದಲೇ. ಮೂಲ ಉಪಾಯ ಹೆನ್ರಿ ಡರ್ಕ್ಸ್‌ದು, ಹೆಸರು ನಿಂತದ್ದು ಪೆಪ್ಪರ್‌ದು.

ಕ್ರಮ ಇಷ್ಟು. ಕ್ಯಾಮೆರಾ ಕ್ಯಾಬಿನ್ನಿನ ಗಾಜನ್ನು 45 ಡಿಗ್ರಿ ಓರೆಯಲ್ಲಿ ನೋಡಬೇಕು. ಗಾಜಿನ ಆಚೆ ಕ್ಯಾಬಿನ್, ಅಲ್ಲಿ ಮ್ಯಾನೇಜರ್ ಕೂತಿರುತ್ತಾರೆ. ಗಾಜಿನ ಈಚೆ, ಫ್ರೇಮಿನ ಹೊರಗೆ, ಪ್ರೇತದ ಪಾತ್ರಧಾರಿ. ಅವರ ಹಿಂದೆ ಕಪ್ಪು ಬಟ್ಟೆ, ವೆಲ್ವೆಟ್ ಆದರೆ ಒಳ್ಳೆಯದು. ಮಿನುಗುವ ಕಪ್ಪು ಸ್ಯಾಟಿನ್ ಬೇಡ, ಅದೂ ಗಾಜಿನಲ್ಲಿ ಕಾಣುತ್ತದೆ. ಪ್ರೇತದ ಮೇಲೆ ಮಾತ್ರ ಬೆಳಕು ಬಿದ್ದರೆ ಆ ಪ್ರತಿಬಿಂಬ ಕ್ಯಾಬಿನ್ನಿನ ಒಳಗೆ ನಿಂತ ಹಾಗೆ ಕಾಣುತ್ತದೆ.

ಎಡವುವುದು ಎಲ್ಲಿ ಅಂದರೆ ಬೆಳಕಿನ ಲೆಕ್ಕದಲ್ಲಿ. ಸಾದಾ ಗಾಜು ಆ ಓರೆಯಲ್ಲಿ ಹಿಂದಕ್ಕೆ ಕೊಡುವುದು ಬಿದ್ದ ಬೆಳಕಿನ ನೂರಕ್ಕೆ ಹತ್ತರಷ್ಟು. ಪ್ರೇತ ಕೋಣೆಯ ಅರ್ಧ ಹೊಳಪಿನಲ್ಲಿ ಕಾಣಬೇಕಾದರೂ ಅದರ ಮೇಲೆ ಕೋಣೆಗಿಂತ ಐದು ಪಟ್ಟು ಬೆಳಕು ಬೀಳಬೇಕು. ಹೊಸ ಲೈಟು ತರುವುದಕ್ಕಿಂತ ಕ್ಯಾಬಿನ್ನಿನ ಟ್ಯೂಬ್ ಆರಿಸಿ ಮೇಜಿನ ದೀಪ ಒಂದನ್ನೇ ಉಳಿಸುವುದು ಸುಲಭ.

ಎರಡನೆಯದು ದೂರ. ಪಾತ್ರಧಾರಿ ಗಾಜಿನಿಂದ ಎರಡು ಮೀಟರ್ ಈಚೆ ನಿಂತರೆ ಪ್ರೇತ ಎರಡು ಮೀಟರ್ ಆಚೆ ಕಾಣುತ್ತದೆ. ಮ್ಯಾನೇಜರ ಕುರ್ಚಿಯ ಪಕ್ಕವೇ ನಿಂತಿರಬೇಕು ಅಂತಾದರೆ ಕುರ್ಚಿಯಿಂದ ಗಾಜಿಗೆ ಟೇಪು ಹಿಡಿದು ಅಳೆದು ಅಷ್ಟೇ ದೂರಕ್ಕೆ ಈಚೆ ನೆಲದಲ್ಲಿ ಗುರುತು ಹಾಕಿ. ಆಗ ಫೋಕಸ್ ಇಬ್ಬರಿಗೂ ಒಂದೇ.

ಮೂರನೆಯದು ಎಡಬಲ. ಅಂಗಿಯ ಕಿಸೆ, ಕೈಗಡಿಯಾರ, ಬೈತಲೆ ಎಲ್ಲ ಅದಲುಬದಲಾಗುತ್ತವೆ. ಗುಮಾಸ್ತರ ಗುರುತು ಚೀಟಿಯ ಅಕ್ಷರವನ್ನು ಕನ್ನಡಿ ಬರಹದಲ್ಲೇ ಮುದ್ರಿಸಿ ಇಟ್ಟುಕೊಳ್ಳಿ, ಪರದೆಯಲ್ಲಿ ಸರಿ ಬರುತ್ತದೆ.

ಫ್ರೇಮ್_ಭಟ್ರು

ಗಾಜಿನ ದಪ್ಪ ನೋಡಿ. ಆಫೀಸಿನ ಟಫನ್ಡ್ ಗಾಜು ಸಾಮಾನ್ಯವಾಗಿ 10 ಅಥವಾ 12 ಮಿಮೀ. ಅದರ ಎರಡು ಮೈಯೂ ಪ್ರತಿಬಿಂಬ ಕೊಡುವುದರಿಂದ ಪ್ರೇತಕ್ಕೆ ಎರಡು ಅಂಚು ಬರುತ್ತದೆ. 12 ಮಿಮೀ ಗಾಜಿಗೆ 45 ಡಿಗ್ರಿಯಲ್ಲಿ ಆ ಅಂತರ ಸುಮಾರು 9 ಮಿಮೀ. ದೂರದ ಶಾಟ್‌ನಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ, ಮುಖದ ಹತ್ತಿರ ಹೋದರೆ ಪ್ರೇತಕ್ಕೆ ನಾಲ್ಕು ಕಣ್ಣು. ಕ್ಲೋಸಪ್ಪಿಗೆ ಬೇರೆ 4 ಮಿಮೀ ಗಾಜಿನ ಹಲಗೆ ಸ್ಟ್ಯಾಂಡಿಗೆ ಕಟ್ಟಿ, ಅಂತರ 3 ಮಿಮೀಗೆ ಇಳಿಯುತ್ತದೆ. ತೆಳು ಗಾಜು ಒಡೆದರೆ ಚೂರು ಹರಿತ. ಅಂಚಿಗೆ ಸುತ್ತಲೂ ಬಟ್ಟೆ ಟೇಪು ಹಾಕದೆ ಯಾರೂ ಎತ್ತಬಾರದು.

ಪ್ರೇತ ಮಾಯವಾಗಬೇಕಾ? ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿ ಶಾಟ್ ನಡೆಯುತ್ತಿದ್ದಾಗಲೇ ನಿಧಾನ ತಿರುಗಿಸಿ. ಓರೆಗಾಜಿನ ಪ್ರತಿಬಿಂಬ ಹೆಚ್ಚಿನಂಶ ಒಂದೇ ದಿಕ್ಕಿಗೆ ಕಂಪಿಸುವ ಬೆಳಕು. ಕಾಲು ಸುತ್ತು ತಿರುಗಿದಾಗ ಪ್ರೇತ ಕರಗಿಹೋಗುತ್ತದೆ, ಮ್ಯಾನೇಜರ್ ಹಾಗೇ ಕೂತಿರುತ್ತಾರೆ. ಓರೆ 45ರ ಬದಲು 55 ಡಿಗ್ರಿಯ ಆಸುಪಾಸು (ಗಾಜಿನ ಮೈಯಿಂದಲ್ಲ, ಅದಕ್ಕೆ ಲಂಬವಾದ ಗೆರೆಯಿಂದ ಅಳೆದು) ಇಟ್ಟರೆ ಪೂರ್ತಿ ಮಾಯ. ಎಡಿಟಿಂಗ್ ಏನೂ ಬೇಡ. ಫಿಲ್ಟರ್ ಒಂದರಿಂದ ಒಂದೂವರೆ ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ), ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇಲ್ಲೊಂದು ಗುಂಡಿ ಉಂಟು. ಮೇಜಿನ ಮೇಲಿನ ಕಂಪ್ಯೂಟರ್ ಪರದೆಯ ಬೆಳಕೂ ಅದೇ ಜಾತಿಯದ್ದು. ಫಿಲ್ಟರ್ ತಿರುಗಿಸುತ್ತಾ ಹೋದ ಹಾಗೆ ಮಾನಿಟರ್ ಕಪ್ಪಾಗಬಹುದು. ಮೊದಲೇ ತಿರುಗಿಸಿ ನೋಡಿ. ಕಪ್ಪಾದರೆ ಮಾನಿಟರ್ ಬೆನ್ನು ಕ್ಯಾಮೆರಾಕ್ಕೆ ಬರುವ ಹಾಗೆ ಕೂರಿಸಿ. ಇಲ್ಲವಾದರೆ ಪ್ರೇತ ಹೋಗುವಾಗ ಕಂಪ್ಯೂಟರ್ ಆರಿಸಿಕೊಂಡು ಹೋಯಿತು ಅಂತ ಕತೆಯಲ್ಲೇ ಸೇರಿಸಿಬಿಡಿ, ಜವಾಬ್ದಾರಿಯುತ ನೌಕರ.

ಟ್ರೈಪಾಡ್_ತ್ರಿಪಾದಿ

ಇಷ್ಟೆಲ್ಲ ಗಾಜು ಸರ್ಕಸ್ ಯಾಕೆ? ಕ್ಯಾಮೆರಾ ಅಲುಗದ ಹಾಗೆ ಇಟ್ಟು ಖಾಲಿ ಕೋಣೆ ಒಂದು ಸಲ, ಪ್ರೇತ ಇರುವುದು ಒಂದು ಸಲ ತೆಗೆದು ಮೇಲಿಂದ ಮೇಲೆ ಇಟ್ಟು ಶೇಕಡಾ 50 ಮಾಡಿದರೆ ಮುಗಿಯಿತು. ಎಲ್ಲ ಎಡಿಟಿಂಗ್ ಆ್ಯಪ್‌ನಲ್ಲೂ ಆಗುತ್ತದೆ.

ಗಾಜುಕಣ್ಣು

ಆಗುತ್ತದೆ, ಸುಳ್ಳಲ್ಲ. ಆದರೆ ಮ್ಯಾನೇಜರ್ ಪ್ರೇತದ ಮುಂದಿನಿಂದ ದಾಟಿ ಹೋಗುವ ಹಾಗಿಲ್ಲ, ದಾಟಿದರೆ ಒಂದೊಂದು ಫ್ರೇಮಿಗೂ ಕತ್ತರಿ ಹಿಡಿಯಬೇಕು. ಹಾಸ್ಯಕ್ಕೆ ಬೇಕಾದದ್ದು ಅದೇ ದಾಟುವುದು. ಎರಡು ಸಲ ತೆಗೆಯುವಾಗ ಇಬ್ಬರು ನಟರ ಟೈಮಿಂಗ್ ಕೂಡ ಕೂಡುವುದಿಲ್ಲ. ಗಾಜಿನ ವಿಧಾನದಲ್ಲಿ ಇಬ್ಬರೂ ಒಂದೇ ಹೊತ್ತಿಗೆ ನಟಿಸುತ್ತಾರೆ, ಮಾತಿಗೆ ಮಾತು ಬೀಳುತ್ತದೆ.

ನಿಮ್ಮ ವಿಧಾನ ಕಾರಿಡಾರಿಗೆ ಇಟ್ಟುಕೊಳ್ಳುವ, ಅಲ್ಲಿ ಗಾಜಿಲ್ಲ. ಆಗ ಎಕ್ಸ್‌ಪೋಷರ್, ಬಣ್ಣದ ಸೆಟ್ಟಿಂಗ್, ಫೋಕಸ್ ಮೂರೂ ಕೈಯಲ್ಲಿ ಲಾಕ್ ಆಗಬೇಕು. ಎ.ಸಿ., ಫ್ಯಾನ್ ಬಂದ್, ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರ್ ಹಾಳೆಗೂ ಎರಡೆರಡು ಅಂಚು. ಖಾಲಿ ಕೋಣೆಯ ಶಾಟನ್ನು ನಟರು ಬರುವ ಮೊದಲಲ್ಲ, ಅವರ ಶಾಟ್ ಮುಗಿದ ಕೂಡಲೇ ತೆಗೆಯಿರಿ. ಅಷ್ಟರೊಳಗೆ ಯಾರೋ ಕುರ್ಚಿ ಸರಿಸಿರುತ್ತಾರೆ, ಸರಿಸಿದ್ದು ಎಲ್ಲಿಗೆ ಅಂತ ಆಗ ಗೊತ್ತಿರುತ್ತದೆ.

ಚೋಕ್_ಸ್ಟಾರ್ಟರ್

ಲೈಟಿನ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಳೆ ತಾಮ್ರದ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಮೊಬೈಲನ್ನು ಸೆಕೆಂಡಿಗೆ 30 ಫ್ರೇಮು, ಷಟರ್ 1/60 ಸೆಕೆಂಡಿನಲ್ಲಿ ಬಿಟ್ಟರೆ ಚಿತ್ರದಲ್ಲಿ ಅಡ್ಡ ಪಟ್ಟಿ ಹರಿಯುತ್ತದೆ. 25 ಫ್ರೇಮು, 1/50 ಇಡಿ. 24 ಫ್ರೇಮೇ ಬೇಕು ಅಂತಿದ್ದರೂ ಷಟರ್ 1/50ರಲ್ಲೇ ಇರಲಿ, ಕ್ಯಾಮೆರಾ ಷಟರನ್ನು ಕೋನದ ಲೆಕ್ಕದಲ್ಲಿ ಕೇಳಿದರೆ 172.8 ಡಿಗ್ರಿ. ನಿಧಾನ ಚಲನೆಗೆ 50 ಫ್ರೇಮು, 1/100.

ಇನ್ನು ಮಿಣುಕುವ ಟ್ಯೂಬು, ಭಯದ ಸರಣಿಗಳ ಉಪ್ಪು-ಹುಳಿ. ಮುದಿ ಸ್ಟಾರ್ಟರ್ ಹಾಕಿದರೆ ನಿಜವಾದ ಮಿಣುಕು ಬರುತ್ತದೆ, ತುದಿಯಲ್ಲಿ ಕಿತ್ತಳೆ ಕೆಂಡ ಕೂಡ. ಆದರೆ ಅದು ನಿಮ್ಮ ಮಾತು ಕೇಳುವುದಿಲ್ಲ. ಡೈಲಾಗಿನ ಮಧ್ಯೆ ಒಂದು ಟೇಕಿನಲ್ಲಿ ಉರಿದಿರುತ್ತದೆ, ಇನ್ನೊಂದರಲ್ಲಿ ಆರಿರುತ್ತದೆ, ಜೋಡಿಸಲು ಆಗುವುದಿಲ್ಲ. ಎಲ್‌ಇಡಿ ಬ್ಯಾಟನ್ನಿನ ಸ್ವಿಚ್ ಪಟಪಟ ಒತ್ತಿದರೂ ಆಗದು, ಒಳಗಿನ ಡ್ರೈವರ್ ಎಚ್ಚರವಾಗಲು ಹೊತ್ತು ತೆಗೆದುಕೊಳ್ಳುತ್ತದೆ.

ಸರಿಯಾದ ದಾರಿ: ಒಂದೇ ಒಂದು ಫಿಟ್ಟಿಂಗಿನ ಟ್ಯೂಬ್ ತೆಗೆದು ಅದೇ ಜಾಗಕ್ಕೆ 12 ವೋಲ್ಟಿನ ಬಿಳಿ ಎಲ್‌ಇಡಿ ಸ್ಟ್ರಿಪ್ ಎರಡು ಮೀಟರ್ ಅಂಟಿಸಿ. ಮೀಟರಿಗೆ 14.4 ವಾಟಿನದ್ದಾದರೆ ಒಟ್ಟು 29 ವಾಟಿನ ಆಸುಪಾಸು, ಎರಡೂವರೆ ಆಂಪಿಯರ್. 12 ವೋಲ್ಟ್, 5 ಆಂಪಿಯರಿನ ಅಡಾಪ್ಟರ್ ಧಾರಾಳ ಸಾಕು. ಕಾಲಿಂಗ್ ಬೆಲ್ಲಿನ ಪುಶ್ ಬಟನನ್ನು ಅಡಾಪ್ಟರ್ ಮತ್ತು ಸ್ಟ್ರಿಪ್ಪಿನ ನಡುವೆ ಕೂರಿಸಿ. ಗೋಡೆಯ ಕಡೆ ಕೂರಿಸಿದರೆ ಅಡಾಪ್ಟರಿನ ಕೆಪಾಸಿಟರ್ ಖಾಲಿಯಾಗುವ ತನಕ ಸ್ಟ್ರಿಪ್ ಉರಿಯುತ್ತದೆ, ಮಿಣುಕು ಮೊಂಡಾಗುತ್ತದೆ. ಬೆಳಕು ಜಾಸ್ತಿ ಅನಿಸಿದರೆ ಡಿಮ್ಮರ್ ಹಾಕಬೇಡಿ, ಅಗ್ಗದ ಡಿಮ್ಮರ್ ಪುನಃ ಪಟ್ಟಿ ತರುತ್ತದೆ. ಬಟರ್ ಪೇಪರ್ ಎರಡು ಸುತ್ತು ಸುತ್ತಿ.

ಹನ್ನೆರಡೂ ಟ್ಯೂಬ್ ಮಿಣುಕಿಸುವ ಆಸೆ ಬಿಡಿ. ಒಂದೇ ಮಿಣುಕಿದರೆ ಪ್ರೇತ, ಎಲ್ಲ ಮಿಣುಕಿದರೆ ವೋಲ್ಟೇಜ್ ಸಮಸ್ಯೆ. ನಮ್ಮೂರಿನ ವೀಕ್ಷಕ ಎದ್ದು ಫ್ರಿಜ್ ಬಂದ್ ಮಾಡಲು ಹೋದಾನು.

ಬಡಗುತಿಟ್ಟು_ಬಾಬಣ್ಣ

ಬೆಳಕು, ಗಾಜು ಎಲ್ಲ ಸರಿ. ಪ್ರೇತ ಮೊದಲ ಸಲ ಬರುವುದು ಹೇಗೆ? ಚಿಟಾರನೆ ಎದುರಿಗೆ ನಿಲ್ಲಿಸಬೇಡಿ. ಯಕ್ಷಗಾನದಲ್ಲಿ ಬಣ್ಣದ ವೇಷದ, ಅಂದರೆ ರಾಕ್ಷಸನ ಪ್ರವೇಶ ನೋಡಿದವರಿಗೆ ಬೇರೆ ಪಾಠ ಬೇಡ. ಇಬ್ಬರು ತೆರೆ ಹಿಡಿಯುತ್ತಾರೆ, ಮೇಲೆ ಕಿರೀಟದ ತುದಿ ಮಾತ್ರ ಆಡುತ್ತದೆ, ಅಂಚಿನಲ್ಲಿ ಬೆರಳು ಬರುತ್ತದೆ, ಹೋಗುತ್ತದೆ, ಚೆಂಡೆ ಏರುತ್ತದೆ, ಮುಖ ಅರೆಗಳಿಗೆ ಕಂಡು ಪುನಃ ಮರೆ. ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿದಿರುತ್ತಾರೆ, ರಾಕ್ಷಸ ಇನ್ನೂ ಪೂರ್ತಿ ಬಂದೇ ಇರುವುದಿಲ್ಲ.

ನಿಮ್ಮ ಆಫೀಸಿನಲ್ಲಿ ತೆರೆ ತಯಾರಾಗಿಯೇ ಉಂಟಲ್ಲ, ನಾಲ್ಕು ಅಡಿಯ ಪಾರ್ಟಿಶನ್. ಮೊದಲು ಅದರ ಮೇಲಂಚಿನಲ್ಲಿ ಪಿಗ್ಮಿ ಕಲೆಕ್ಟರರ ಕರಿ ಟೊಪ್ಪಿ ಮಾತ್ರ ಹರಿದು ಹೋಗಲಿ. ಎರಡನೆಯ ಸಲ ಟೊಪ್ಪಿ ನಿಲ್ಲಲಿ. ಮೂರನೆಯ ಸಲ ಅಂಚಿಗೆ ನಾಲ್ಕು ಬೆರಳು. ನಾಲ್ಕನೆಯದಕ್ಕೆ ಪುಸ್ತಕ ಹಿಡಿದ ಕೈ ಚಾಚಿ, ಇವತ್ತಿನ ಎರಡಾಣೆ ಅಂತ ಕೇಳಲಿ. ಭಯ ಏರಿದ ಮೆಟ್ಟಿಲಿನಿಂದಲೇ ನಗು ಜಾರಬೇಕು.

ನಗು ಬಂದ ಮೇಲೆ ಕೂಡಲೇ ಇನ್ನೊಂದು ಹೆದರಿಕೆ ತುರುಕಬೇಡಿ. ಹೆದರಿಸಿದ ಮರುಕ್ಷಣವೇ ಜೋಕು ಸಿಡಿಸಿದರೆ ಎರಡೂ ಸಾಯುತ್ತವೆ. ಕಿರುಚಾಟ ಮುಗಿದು ಎರಡು ಸೆಕೆಂಡು ಎಲ್ಲರೂ ಸುಮ್ಮನಿರಲಿ, ಆಮೇಲೆ ಅಟೆಂಡರ್ ಸಾದಾ ದನಿಯಲ್ಲಿ ಮಾತಾಡಲಿ. ನಗಿಸುವವನು ನಗಬಾರದು, ಹೆದರುವವನು ನಿಜವಾಗಿ ಹೆದರಬೇಕು. ಹೆದರಿದ ಹಾಗೆ ನಾಟಕ ಮಾಡಿದರೆ ಬರೀ ಕೋಡಂಗಿತನ.

ಎರಡಾಣೆ

ಪಿಗ್ಮಿ ಕಲೆಕ್ಟರನ್ನು ಆರಿಸಿದ್ದು ಬಹಳ ಒಳ್ಳೆಯದಾಯಿತು, ಇದು ನಮ್ಮದೇ ಊರಿನ ಪ್ರೇತ. ಪಿಗ್ಮಿ ಠೇವಣಿ ಶುರುವಾದದ್ದು 1928ರಲ್ಲಿ ಉಡುಪಿಯಲ್ಲಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆಯಿಂದ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟ್ ಅಂಗಡಿ ಬಾಗಿಲಿಗೇ ಬರುತ್ತಿದ್ದ. 1946ರಲ್ಲಿ ಹೋದವನು ಇವತ್ತೂ ಎರಡಾಣೆಯೇ ಕೇಳುತ್ತಾನೆ ಅನ್ನುವುದು ಲೆಕ್ಕಕ್ಕೆ ಸರಿ.

ಈಗ ಕ್ಯಾಷಿಯರ ಪೇಚು ನೋಡಿ. ಹದಿನಾರಾಣೆಗೆ ರೂಪಾಯಿ, ಹಾಗಾದರೆ ಎರಡಾಣೆ ಅಂದರೆ ಹನ್ನೆರಡೂವರೆ ಪೈಸೆ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ 30ರ ನಂತರ ಚಲಾವಣೆಯಲ್ಲಿಲ್ಲ. 50 ಪೈಸೆ ಕೊಟ್ಟರೆ ಕಲೆಕ್ಟರ್ ಚಿಲ್ಲರೆ ವಾಪಸು ಕೊಡುತ್ತಾನೆ, ಆರನೆಯ ಜಾರ್ಜ್ ದೊರೆಯ ತಲೆ ಇರುವ ಆಣೆಗಳಲ್ಲಿ. ಯುಪಿಐ ಆಗದು, ಪ್ರೇತಕ್ಕೆ ಸಿಮ್ ಇಲ್ಲ. ಕೊನೆಗೆ ಲೆಕ್ಕ ಗೊತ್ತಿದ್ದ ಹಳೆ ಕ್ಯಾಷಿಯರ್ ದಾರಿ ಹುಡುಕುತ್ತಾರೆ: ಎಂಟು ದಿನಕ್ಕೊಮ್ಮೆ ಒಂದು ರೂಪಾಯಿ. ಅಷ್ಟರಲ್ಲಿ ಆಡಿಟರ್ ಬಂದು ಪುಸ್ತಕದಲ್ಲಿ ಈ ಜಮೆ ಯಾವ ಖಾತೆಗೆ ಅಂತ ಕೇಳಿದರೆ ಒಂದು ಕಂತು ಸಿದ್ಧ.

ಕಡತ_ವಿಲೇವಾರಿ

1998ರ ಗುಮಾಸ್ತರ ಪ್ರೇತ ಯಾಕೆ ಹೋಗದೆ ಕೂತಿದೆ ಅನ್ನುವುದಕ್ಕೆ ಪ್ರೇಮ, ಸೇಡು ಹುಡುಕಬೇಡಿ. ಗ್ರಾಚ್ಯುಟಿ ಕೊಡಿಸಿ.

ಅವರ ಸೇವೆ ನಾಲ್ಕು ವರ್ಷ ಮೂರು ತಿಂಗಳು ಅಂತಿಡಿ. ಐದು ವರ್ಷ ಆಗಿಲ್ಲ, ಗ್ರಾಚ್ಯುಟಿ ಇಲ್ಲ ಅಂತ ಆಗಿನ ಮ್ಯಾನೇಜರ್ ಕಡತ ಮುಚ್ಚಿದ್ದಾರೆ. ಆದರೆ ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ನೌಕರ ಸತ್ತಾಗ ಆ ಐದು ವರ್ಷದ ಷರತ್ತು ಅನ್ವಯಿಸುತ್ತಲೇ ಇರಲಿಲ್ಲ. ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 2,600 ರೂಪಾಯಿ ಇತ್ತು ಅಂತಿಟ್ಟರೆ 26ರಿಂದ ಭಾಗಿಸಿ 15ರಿಂದ ಗುಣಿಸಿ, 1,500 ಬಂತು. ಅದು ವರ್ಷಕ್ಕೆ. ಆರು ತಿಂಗಳು ಮೀರಿದರೆ ಮಾತ್ರ ಮುಂದಿನ ವರ್ಷ ಸೇರುವುದು, ಇಲ್ಲಿ ಮೂರೇ ತಿಂಗಳು ಹೆಚ್ಚುವರಿ, ಹಾಗಾಗಿ ನಾಲ್ಕು ವರ್ಷಕ್ಕೆ 6,000. ಮೂವತ್ತು ದಿನದೊಳಗೆ ಕೊಡದಿದ್ದರೆ ಸರಳ ಬಡ್ಡಿ ಸೇರುತ್ತದೆ. ಶೇಕಡಾ 10ರಂತೆ ವರ್ಷಕ್ಕೆ 600. ಪ್ರೇತ ಪ್ರತಿ ರಾತ್ರಿ ಗೋಡೆಯಲ್ಲಿ ಬರೆಯುವ ಅಂಕಿ ಇದೇ ಆಗಿರಲಿ. ಮೊದಲ ಮೂರು ಕಂತಿನಲ್ಲಿ ಯಾರಿಗೂ ಅರ್ಥವಾಗದ ಭಯಾನಕ ಸಂಖ್ಯೆ, ನಾಲ್ಕನೆಯದರಲ್ಲಿ ಅಕೌಂಟ್ಸಿನ ಹುಡುಗಿ ಕ್ಯಾಲ್ಕುಲೇಟರ್ ಒತ್ತುತ್ತಾಳೆ.

ಮ್ಯಾನೇಜರ ವಾದಗಳೂ ಕಾನೂನಿನಿಂದಲೇ ಬರಲಿ. ಒಂದು, ತಡ ಆದದ್ದು ನೌಕರನ ತಪ್ಪಿನಿಂದ, ಬಡ್ಡಿ ಇಲ್ಲ. ಕಾಯ್ದೆಯಲ್ಲಿ ಅಂಥ ವಿನಾಯಿತಿ ಉಂಟು, ಆದರೆ ಅದಕ್ಕೆ ನಿಯಂತ್ರಣಾಧಿಕಾರಿಯ ಲಿಖಿತ ಅನುಮತಿ ಬೇಕು. ಎರಡು, ಹತ್ತು ಜನಕ್ಕಿಂತ ಕಡಿಮೆ ಇರುವ ಸಂಸ್ಥೆಗೆ ಕಾಯ್ದೆಯೇ ಅನ್ವಯಿಸದು, ನಾವು ಏಳೇ ಜನ. ಇದಕ್ಕೆ ಉತ್ತರ: ಒಮ್ಮೆ ಅನ್ವಯಿಸಿದ ಮೇಲೆ ಸಂಖ್ಯೆ ಇಳಿದರೂ ಕಾಯ್ದೆ ಬಿಡುವುದಿಲ್ಲ, 1998ರಲ್ಲಿ ಹದಿನಾಲ್ಕು ಜನ ಇದ್ದರು ಅಂತ ಹಾಜರಿ ಪುಸ್ತಕ ತೋರಿಸಿದರೆ ಆಯಿತು.

ಇನ್ನೊಂದು ಸಿಕ್ಕು ನಾಮಿನಿಯದು. ನಮೂನೆ ‘ಎಫ್’ನಲ್ಲಿ ಮದುವೆಗೆ ಮೊದಲು ಗೆಳೆಯನ ಹೆಸರು ಬರೆದಿದ್ದಾರೆ. ಕುಟುಂಬ ಇಲ್ಲದವರು ಯಾರನ್ನಾದರೂ ಬರೆಯಬಹುದು, ಕುಟುಂಬ ಆದ ಕೂಡಲೇ ಅದು ಬಿದ್ದುಹೋಗುತ್ತದೆ. ಗೆಳೆಯ ‘ಜೆ’ ನಮೂನೆ ಹಿಡಿದು ಬರುತ್ತಾನೆ, ಹೆಂಡತಿ ವಾರಸುದಾರಳಾಗಿ ‘ಕೆ’ ನಮೂನೆ ಹಿಡಿದು ಬರುತ್ತಾರೆ. ಪ್ರೇತ ಇಬ್ಬರ ನಡುವೆ ನಿಂತಿರುತ್ತದೆ, ಇಬ್ಬರಿಗೂ ಕಾಣದೆ.

ಎರಡಾಣೆ

ಏಳೇ ಜನ ಅಂತ ಮ್ಯಾನೇಜರ್ ಹೇಳಿದಾಗ ಹಾಜರಿ ಪುಸ್ತಕದಲ್ಲಿ ಮೂರು ಸಹಿ ತನ್ನಷ್ಟಕ್ಕೆ ಬೀಳಲಿ. ಏಳು ಮತ್ತು ಮೂರು ಹತ್ತು.

ಕಡತ_ವಿಲೇವಾರಿ

ಆಯಿತು, ಐದನೇ ಕಂತು ನಿಮ್ಮದೇ.

ತೆಂಕಪೇಟೆ

ಒಂದು ಎಚ್ಚರಿಕೆ, ತಮಾಷೆಯಲ್ಲ. ಇಲ್ಲಿ ಭೂತ ಅಂದರೆ ದೈವ, ನಂಬುವ ಶಕ್ತಿ. ನಿಮ್ಮ ಸರಣಿಯಲ್ಲಿ ಇರುವುದು ಸತ್ತವರ ಪ್ರೇತ, ತುಳುವಿನಲ್ಲಿ ಕುಲೆ. ಎರಡನ್ನೂ ಬೆರೆಸಬೇಡಿ. ದೈವದ ಗಗ್ಗರ (ಕಾಲಿನ ಗೆಜ್ಜೆ), ಅಣಿ (ಬೆನ್ನಿಗೆ ಕಟ್ಟುವ ಅಲಂಕಾರ), ತೆಂಗಿನ ಸಿರಿ (ಎಳೆಗರಿಯ ಉಡುಗೆ), ಮುಖವರ್ಣಿಕೆ, ದೈವ ನುಡಿ ಕೊಡುವ ಧಾಟಿ, ಇವು ಯಾವುದೂ ವೇಷದಲ್ಲಾಗಲಿ ಹಿನ್ನೆಲೆ ಶಬ್ದದಲ್ಲಾಗಲಿ ಬರಬಾರದು. ಪೋಸ್ಟರಿನ ಮೇಲೂ ‘ಭೂತ’ ಅಂತ ಹಾಕಬೇಡಿ.

ಪ್ರೇತಮದುವೆ ತರುವ ಯೋಚನೆ ಯಾರಿಗಾದರೂ ಬಂದೇ ಬರುತ್ತದೆ. ಮದುವೆಯಾಗದೆ ತೀರಿಕೊಂಡವರಿಗೆ ಸಂಬಂಧ ಹುಡುಕಿ ಶಾಸ್ತ್ರೋಕ್ತವಾಗಿ ಮಾಡುವ ಮದುವೆ ದಕ್ಷಿಣ ಕನ್ನಡದಲ್ಲಿ ಈಗಲೂ ನಡೆಯುತ್ತದೆ. ಮನೆಯವರ ದುಃಖ ಅದು. ಆ ವಿಧಿಯನ್ನು ನಗೆಗೆ ಇಡಬೇಡಿ. ಟೈಪಿಸ್ಟಮ್ಮ ತನ್ನ ಮದುವೆಗೆ ಮೂರು ದಿನ ರಜೆ ಬೇಕು ಅಂತ ಅರ್ಜಿ ಟೈಪು ಮಾಡಿ ಟ್ರೇಯಲ್ಲಿ ಇಡುವುದು, ಅದನ್ನು ಮಂಜೂರು ಮಾಡುವ ಅಧಿಕಾರ ಯಾರಿಗೆ ಅಂತ ಆಫೀಸಿನವರು ಕಚ್ಚಾಡುವುದು, ಅಷ್ಟು ನಗು ಸಾಕು.

ಕೀಲಿಮಣೆ

ಟೈಪಿಸ್ಟಮ್ಮನಿಗೆ ಕಂಪ್ಯೂಟರ್ ಕೊಟ್ಟರೆ ಏನಾಗುತ್ತದೆ ಯೋಚಿಸಿ. ಬೆರಳಿಗೆ ಕೂತಿರುವುದು ಕನ್ನಡ ಟೈಪ್‌ರೈಟರಿನ ಅಕ್ಷರ ಜೋಡಣೆ. ಆಫೀಸಿನಲ್ಲಿ ಇರುವುದು ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ, ‘ನುಡಿ’ ತಂತ್ರಾಂಶದಲ್ಲಿ ಬಳಸುವುದು. ಆಕೆ ಭೀಕರ ಶಾಪ ಟೈಪು ಮಾಡುತ್ತಾಳೆ, ಪರದೆಯಲ್ಲಿ ಬರುವುದು ಅರ್ಥವಿಲ್ಲದ ಅಕ್ಷರ. ಎರಡು ಕಂತು ಕಳೆದ ಮೇಲೆ ಕಲಿತುಕೊಂಡು ಶಾಪವನ್ನು ಸ್ಪಷ್ಟವಾಗಿ, ಪ್ಯಾರಾ ಬಿಟ್ಟು, ‘ಉಲ್ಲೇಖ’ ಸಹಿತ ಕಳಿಸುತ್ತಾಳೆ.

ಚಿತ್ರೀಕರಣಕ್ಕೆ ಕೀಲಿ ತಾನಾಗಿ ಒತ್ತಿಹೋಗುವುದನ್ನು ತೋರಿಸಲು ಹೋಗಬೇಡಿ, ದಾರ ಕಂಡೇ ಕಾಣುತ್ತದೆ. ಅದೇ ಕಂಪ್ಯೂಟರಿಗೆ ಇನ್ನೊಂದು ವೈರ್‌ಲೆಸ್ ಕೀಬೋರ್ಡ್ ಜೋಡಿಸಿ ಫ್ರೇಮಿನ ಹೊರಗಿನಿಂದ ಒತ್ತಿ. ಶಾಟು ಪರದೆಯ ಮೇಲೆ, ಹೆದರಿದವರ ಮುಖದ ಮೇಲೆ. ಶಬ್ದ ಮಾತ್ರ ಹಳೆ ಟೈಪ್‌ರೈಟರಿನದ್ದು, ಸಾಲಿನ ಕೊನೆಗೆ ಗಂಟೆ ಸಹಿತ. ಪ್ರಿಂಟರಿಗೂ ಮೊಬೈಲಿಂದ ಆದೇಶ ಕೊಡಬಹುದು. ಮೊದಲು ಒಂದು ಹಾಳೆ ಮುದ್ರಿಸಿ ಎಚ್ಚರ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಅದು ಬಿಸಿಯಾಗುವ ತನಕ ನಟರು ಹೆದರಿದ ಮುಖ ಹಿಡಿದು ನಿಂತಿರಬೇಕಾಗುತ್ತದೆ.

ಬಂದರು_ಬಲೆ

ಗಾಲಿ ಕುರ್ಚಿಗೆ ಮೀನು ಹಿಡಿಯುವ ನೈಲಾನ್ ದಾರ ಸಾಕು, ಬಂದರಿನ ಕಡೆ ಬಲೆ ಸಾಮಾನಿನ ಅಂಗಡಿಯಲ್ಲಿ ಬೇಕಾದ ದಪ್ಪದಲ್ಲಿ ಸಿಗುತ್ತದೆ. ಕುರ್ಚಿಗೆ 0.40 ಮಿಮೀ, ಕಡತ, ಲೋಟಗಳಿಗೆ 0.20. ಹೊಳಪು ಸಾಯಲು ಕಪ್ಪು ಮಾರ್ಕರ್ ಎಳೆದು ಒಣಗಿಸಿ. ಹಿಂದಿನಿಂದ ಬೆಳಕು ಬಿದ್ದರೆ ಎಷ್ಟು ಸಪೂರ ಇದ್ದರೂ ಹೊಳೆಯುತ್ತದೆ, ಮುಂದಿನ ಅಥವಾ ಮೇಲಿನ ಬೆಳಕು ಇಟ್ಟುಕೊಳ್ಳಿ.

ದಾರವನ್ನು ಕುರ್ಚಿಯ ಬೆನ್ನಿಗೆ ಕಟ್ಟಿದರೆ ಕುರ್ಚಿ ವಾಲುತ್ತದೆ, ಎಳೆದದ್ದು ಗೊತ್ತಾಗುತ್ತದೆ. ಗಾಲಿಯ ಮೇಲಿನ ನಕ್ಷತ್ರಾಕಾರದ ಕಾಲಿಗೆ, ನೆಲಕ್ಕೆ ಆದಷ್ಟು ಹತ್ತಿರ ಕಟ್ಟಿ. ಶಾಟ್‌ಗೆ ಮೊದಲು ಹೋಗಬೇಕಾದ ದಿಕ್ಕಿಗೇ ಅರ್ಧ ಅಡಿ ಎಳೆದು ನಿಲ್ಲಿಸಿ, ಆಗ ಐದೂ ಗಾಲಿ ಅದೇ ಮುಖ ಮಾಡಿರುತ್ತವೆ. ಹಾಗೆ ಮಾಡದಿದ್ದರೆ ಹೊರಡುವಾಗ ಕುರ್ಚಿ ಒಂದು ಸಲ ಗಿರಕಿ ಹೊಡೆಯುತ್ತದೆ. ಕುಡಿದ ಪ್ರೇತವಾದರೆ ಪರವಾಗಿಲ್ಲ.

ಬಾಗಿಲು ತಾನಾಗಿ ಮುಚ್ಚಲು ದಾರವೇ ಬೇಡ. ಮೇಲೆ ಡೋರ್ ಕ್ಲೋಸರ್ ಉಂಟಲ್ಲ, ಅದರ ವೇಗದ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸಿ ಹೊಂದಿಸಿ. ಬಿಗಿ ಮಾಡಿದರೆ ಬಾಗಿಲು ಉಸಿರು ಹಿಡಿದ ಹಾಗೆ ಬರುತ್ತದೆ, ಸಡಿಲಿಸಿದರೆ ಬಡಿಯುತ್ತದೆ. ಪೂರ್ತಿ ತಿರುಚಿ ತೆಗೆಯಬೇಡಿ, ಎಣ್ಣೆ ಸುರಿದು ಕ್ಲೋಸರೇ ಹೋಗುತ್ತದೆ. ಕೆಲಸ ಮುಗಿದ ಮೇಲೆ ಮೊದಲಿದ್ದ ಜಾಗಕ್ಕೆ ತಂದಿಡಲು ಸ್ಕ್ರೂ ತಲೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಸೆಕೆ_ಮತ್ತು_ತೇವ

ಗಾಜಿನ ಮೇಲೆ ಅಕ್ಷರ ಮೂಡುವುದು ಕರಾವಳಿಯಲ್ಲಿ ಬಹಳ ಸುಲಭ. ಪಾತ್ರೆ ತೊಳೆಯುವ ದ್ರವ ಸೋಪಿನಲ್ಲಿ ಬೆರಳದ್ದಿ ಬರೆಯಿರಿ, ಒಣಗಲಿ, ಮೆತ್ತಗಿನ ಬಟ್ಟೆಯಲ್ಲಿ ಒಮ್ಮೆ ಸವರಿ ಗುರುತು ಕಾಣದಷ್ಟು ಮಾಡಿ. ಆಮೇಲೆ ನೀರಿನ ಕೆಟಲ್ ಹತ್ತಿರ ಹಿಡಿದರೆ ಗಾಜೆಲ್ಲ ಮಂಜಾಗುತ್ತದೆ, ಸೋಪು ಇದ್ದಲ್ಲಿ ಮಾತ್ರ ಆಗುವುದಿಲ್ಲ. ಕ್ಯಾಬಿನ್ನಿನ ಎ.ಸಿ.ಯನ್ನು 18ಕ್ಕೆ ಇಟ್ಟು ಹೊರಗಿನ ಕಿಟಕಿ ತೆರೆದರೆ ಮಳೆಗಾಲದಲ್ಲಿ ಕೆಟಲೂ ಬೇಕಾಗದು. ಆದರೆ ಮಂಜು ಕೂರುವುದು ಗಾಜಿನ ಹೊರಮೈಗೆ, ತೇವದ ಗಾಳಿ ಇರುವ ಕಡೆಗೆ. ಸೋಪಿನಲ್ಲಿ ಒಳಗಿನಿಂದ ಬರೆದು ಹೊರಗಿನಿಂದ ಮಂಜು ಕಾಯುತ್ತಾ ಕೂತರೆ ಏನೂ ಮೂಡುವುದಿಲ್ಲ. ಕ್ಯಾಮೆರಾ ಒಳಗಿದ್ದರೆ ಹೊರಮೈಗೆ ಕನ್ನಡಿ ಬರಹದಲ್ಲಿ ಬರೆಯಬೇಕು. ಕಾಗದದಲ್ಲಿ ಬರೆದು ಹಿಂದಿನಿಂದ ಬೆಳಕಿಗೆ ಹಿಡಿದು ನಕಲು ಮಾಡಿ, ಒತ್ತಕ್ಷರದಲ್ಲಿ ತಪ್ಪುವುದು ಜಾಸ್ತಿ.

ಅದೇ ತೇವ ಕ್ಯಾಮೆರಾಕ್ಕೆ ಶತ್ರು. ಎ.ಸಿ. ಕೋಣೆಯಿಂದ ಕಾರಿಡಾರಿಗೆ ತಂದ ಕೂಡಲೇ ಲೆನ್ಸ್ ಮಂಜಾಗುತ್ತದೆ. ಒರೆಸುತ್ತಾ ಇರಬೇಡಿ. ಒಳಗೇ ಜಿಪ್ ಚೀಲಕ್ಕೆ ಹಾಕಿ ಗಾಳಿ ಬಿಡಿಸಿ ಮುಚ್ಚಿ, ಹೊರಗೆ ತಂದು ಅರ್ಧ ಗಂಟೆ ಬಿಡಿ. ಮಂಜು ಚೀಲದ ಮೇಲೆ ಕೂರುತ್ತದೆ.

ಮೇಕಪ್ ಬಗ್ಗೆ: ಪ್ರೇತಕ್ಕೆ ಸುಣ್ಣ ಬಳಿಯಬೇಡಿ. ಮೈಬಣ್ಣಕ್ಕಿಂತ ಎರಡು ಛಾಯೆ ತಿಳಿ, ತುಟಿಯ ಕೆಂಪು ಮುಚ್ಚಿ, ಕಣ್ಣ ಕೆಳಗೆ ಕಂದು. ಮೇಲೆ ಪೌಡರ್ ಒತ್ತಿ. ಬೆವರಿದ ಪ್ರೇತ ಯಾರನ್ನೂ ಹೆದರಿಸದು.

ಕಿವಿಗೊಟ್ಟವ

ಶಬ್ದ ಹಾಳಾದರೆ ಗಾಜು, ದಾರ ಎಲ್ಲ ದಂಡ. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿರಲಿ. ಎ.ಸಿ., ಫ್ರಿಜ್, ನೀರಿನ ಕೂಲರ್ ಬಂದ್. ಮತ್ತೆ ಹಾಕಲು ಮರೆಯದ ಹಾಗೆ ಸ್ಕೂಟರಿನ ಕೀ ಫ್ರಿಜ್ಜಿನೊಳಗೆ ಇಡಿ. ಪ್ರತಿ ಕೋಣೆಯ ಖಾಲಿ ಮೌನವನ್ನು ಒಂದು ನಿಮಿಷ ಧ್ವನಿಮುದ್ರಿಸಿ, ಮಾತುಗಳ ನಡುವೆ ತುಂಬಲು ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತಿನ ದೃಶ್ಯ ಇಟ್ಟುಕೊಳ್ಳಬೇಡಿ. ತಗಡಿನ ಮಾಡಿನ ಮೇಲೆ ಮಳೆ ಶುರುವಾದರೆ ಪಕ್ಕದವರ ಮಾತೇ ಕೇಳುವುದಿಲ್ಲ, ಒಂದು ಟೇಕಿಗೆ ಮಳೆ, ಇನ್ನೊಂದಕ್ಕೆ ಇಲ್ಲ.

ನಿಮ್ಮ ವೀಕ್ಷಕರು ಹೆಚ್ಚಿನವರು ಮೊಬೈಲಿನಲ್ಲಿ ನೋಡುವುದು. 150 ಹರ್ಟ್ಸಿಗಿಂತ ಕೆಳಗಿನ ಗುಡುಗುವ ಶಬ್ದ ಮೊಬೈಲ್ ಸ್ಪೀಕರಿನಲ್ಲಿ ಬಹುತೇಕ ಇಲ್ಲವೇ ಇಲ್ಲ. ಸ್ಟುಡಿಯೊ ಹೆಡ್‌ಫೋನಿನಲ್ಲಿ ಎದೆ ನಡುಗಿಸಿದ್ದು ಫೋನಿನಲ್ಲಿ ಮೌನ. ಹೆದರಿಸುವ ಶಬ್ದ ಕೀರಲು, ಕೆರೆತ, ಉಸಿರು, ಕಾಗದದ ಸರಸರ, ಇಂಥ ಮೇಲಿನ ಸ್ಥಾಯಿಯಲ್ಲಿ ಇರಲಿ. ಬೆಚ್ಚಿಬೀಳುವ ಕ್ಷಣಕ್ಕೆ ಮೂರು ಸೆಕೆಂಡು ಮೊದಲು ಹಿನ್ನೆಲೆ ಶಬ್ದವನ್ನು ಪೂರ್ತಿ ಅಲ್ಲ, ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಿದರೆ ಏನೋ ಬರುತ್ತದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಕಿರುಚುವುದನ್ನು ರಾತ್ರಿ ಹೊತ್ತು ಆಫೀಸಿನಲ್ಲಿ ಮಾಡಬೇಡಿ, ನೆರೆಯವರು ಪೊಲೀಸರನ್ನು ಕರೆದಾರು. ಕಿಟಕಿ ಏರಿಸಿದ ಕಾರಿನೊಳಗೆ ಹಗಲಲ್ಲಿ ಬೇರೆಯಾಗಿ ಧ್ವನಿಮುದ್ರಿಸಿ.

ಸ್ಟೇಟ್‌ಬ್ಯಾಂಕ್_ಕೊನೆಬಸ್ಸು

ಎಲ್ಲರಿಗೂ ಉಪಕಾರ. ಎರಡು ಪ್ರಶ್ನೆ ಉಳಿದಿದೆ. ಹೊಗೆ ಯಂತ್ರ ಬಳಸಬಹುದಾ, ಮಾಳಿಗೆಯಲ್ಲಿ ಸ್ಮೋಕ್ ಡಿಟೆಕ್ಟರ್ ಉಂಟು. ಮತ್ತೆ, ಪ್ರೇತ ಯಾರಿಗೆ ಕಾಣಬೇಕು, ಯಾರಿಗೆ ಬೇಡ?

ಬಡಗುತಿಟ್ಟು_ಬಾಬಣ್ಣ

ಎರಡನೆಯದಕ್ಕೆ: ನಿಯಮ ಮೂರಕ್ಕಿಂತ ಜಾಸ್ತಿ ಬೇಡ, ಮೊದಲ ಕಂತಿನಲ್ಲೇ ಮುಗಿಸಿ. ನಿಮ್ಮ ಕತೆಗೆ ಹೀಗೆ ಇಟ್ಟರೆ ಸರಿಹೋದೀತು: ಆಫೀಸಿನ ಬಾಕಿ ಕೆಲಸ ಮೈಮೇಲೆ ಇರುವವರಿಗೆ ಮಾತ್ರ ಪ್ರೇತ ಕಾಣುತ್ತದೆ. ಪ್ರೇತ ಆಫೀಸಿನ ವಸ್ತು ಮುಟ್ಟಬಹುದು, ಮನುಷ್ಯರನ್ನು ಮುಟ್ಟಲಾರದು. ಮಾಳಿಗೆಯ ಮೆಟ್ಟಿಲು ಇಳಿಯಲಾರದು. ಕೆಲಸ ಕದಿಯುವ ಹುಡುಗನಿಗೆ ಮೂರೂ ಕಾಣುತ್ತವೆ, ಸೀದಾ ಕೆಲಸ ಮಾಡುವ ಅಕೌಂಟ್ಸ್ ಹುಡುಗಿಗೆ ಒಂದೂ ಕಾಣುವುದಿಲ್ಲ. ನಾಲ್ಕನೇ ಕಂತಿನಲ್ಲಿ ಗುಮಾಸ್ತರ ಕಡತವನ್ನು ಅವಳು ಕೈಗೆತ್ತಿಕೊಂಡ ಕೂಡಲೇ ಅದು ಅವಳ ಬಾಕಿ ಕೆಲಸವಾಗುತ್ತದೆ, ತಲೆ ಎತ್ತುತ್ತಾಳೆ, ಎದುರಿಗೆ ಅವರು. ಅನುಕೂಲಕ್ಕೆ ತಕ್ಕ ಹಾಗೆ ಒಂದು ಸಲ ನಿಯಮ ಮುರಿದಿರೋ, ಮತ್ತೆ ಯಾರೂ ಹೆದರುವುದಿಲ್ಲ.

ಮಾತಿನ ಧಾಟಿಯೂ ಬೇರೆ ಬೇರೆ ಇರಲಿ. ಕಲೆಕ್ಟರ್ ತುಳುವಿನಲ್ಲೇ ಕೇಳಲಿ, ಟೈಪಿಸ್ಟಮ್ಮ ಪುಸ್ತಕದ ಕನ್ನಡ, ಗುಮಾಸ್ತರು ಕುಂದಾಪ್ರ ಕನ್ನಡ. ಅಡಿಬರಹ ಎರಡು ಸಾಲು ಮೀರದಿರಲಿ, ಜೋಕಿನ ಕೊನೆಯ ಪದ ಮಾತಿಗಿಂತ ಮೊದಲು ಪರದೆಯಲ್ಲಿ ಬೀಳದ ಹಾಗೆ ಒಡೆಯಿರಿ.

ಚೋಕ್_ಸ್ಟಾರ್ಟರ್

ಹೊಗೆಗೆ: ಡಿಟೆಕ್ಟರಿಗೆ ಯಂತ್ರದ ಗ್ಲೈಕಾಲ್ ಹೊಗೆ ಮತ್ತು ನಿಜವಾದ ಹೊಗೆಯ ಭೇದ ಗೊತ್ತಿಲ್ಲ, ಅಲಾರಾಂ ಹೊಡೆದೇ ಹೊಡೆಯುತ್ತದೆ. ಸ್ಪ್ರಿಂಕ್ಲರ್ ಬೇರೆ, ಅದು ಬಿಸಿಗೆ ಒಡೆಯುವುದು, ಕೆಂಪು ಬಲ್ಬಿನದ್ದಾದರೆ 68 ಡಿಗ್ರಿಗೆ. ಹೊಗೆಗೆ ಏನೂ ಆಗದು, ಆದರೆ ಬಿಸಿ ಸ್ಟುಡಿಯೊ ಲೈಟನ್ನು ಅದರ ಕೆಳಗೆ ನಿಲ್ಲಿಸಬೇಡಿ.

ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟುವ ಅಭ್ಯಾಸ ಕೆಲವರಿಗುಂಟು, ಅದು ಬೇಡ. ಬಿಚ್ಚಲು ಮರೆತರೆ ಆಮೇಲೆ ಬೆಂಕಿ ಬಿದ್ದರೂ ಗೊತ್ತಾಗದು. ಕಟ್ಟಡದ ಜವಾಬ್ದಾರಿ ಇದ್ದವರಿಗೆ ಲಿಖಿತವಾಗಿ ತಿಳಿಸಿ, ಪ್ಯಾನೆಲಿನಲ್ಲಿ ಆ ಒಂದು ವಲಯವನ್ನು ಮಾತ್ರ ಅವರಿಂದಲೇ ತಡೆಹಿಡಿಸಿ. ತಡೆದ ಹೊತ್ತು, ಬಿಟ್ಟ ಹೊತ್ತು ಬರೆದಿಡಿ. ಆ ಹೊತ್ತು ಪೂರ್ತಿ ಒಬ್ಬರು ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಬೇರೆ ಕೆಲಸ ಇಲ್ಲದೆ ನಿಂತಿರಲಿ. ಎ.ಸಿ. ನಾಳ ಬಂದ್ ಆಗಿರಬೇಕು, ಇಲ್ಲವಾದರೆ ಹೊಗೆ ಪಕ್ಕದ ವಲಯಕ್ಕೆ ಹೋಗಿ ಅಲ್ಲಿ ಅಲಾರಾಂ. ಡ್ರೈ ಐಸ್ ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ಅದರ ಗಾಳಿ ನೆಲಮಟ್ಟದಲ್ಲಿ ಕೂತು ಉಸಿರು ಕಟ್ಟಿಸುತ್ತದೆ, ಪಾತ್ರಧಾರಿ ನೆಲದ ಮೇಲೆ ಮಲಗುವ ದೃಶ್ಯ ಏನಾದರೂ ಇದ್ದರೆ ಇನ್ನೂ ಅಪಾಯ.

ನನ್ನ ಲೆಕ್ಕದಲ್ಲಿ ಹೊಗೆ ಒಂದೇ ರಾತ್ರಿಗೆ ಸಾಕು, ಅದನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಮೊದಲ ರಾತ್ರಿ ಗಾಜಿನ ದೃಶ್ಯಗಳು ಮಾತ್ರ, ಯಾಕೆಂದರೆ ಗುರುತು, ಕಪ್ಪು ಬಟ್ಟೆ, ಬೆಳಕು ಹೊಂದಿಸಲಿಕ್ಕೇ ಎರಡು ಗಂಟೆ ಹೋಗುತ್ತದೆ. ಒಮ್ಮೆ ಹೊಂದಿಸಿದ ಮೇಲೆ ಆರೂ ಕಂತಿನ ಕ್ಯಾಬಿನ್ ದೃಶ್ಯಗಳನ್ನು ಅಂಗಿ ಬದಲಿಸಿ ಬದಲಿಸಿ ಅಲ್ಲೇ ಮುಗಿಸಬಹುದು. ಗೋಡೆಯ ಕ್ಯಾಲೆಂಡರ್ ತಿಂಗಳು ಬದಲಿಸಲು ಒಬ್ಬರನ್ನು ನೇಮಿಸಿ.